ಪ್ರಶ್ನೋತ್ತರ: ಬೆಳೆಸಿದ ಚರ್ಮ ಬರುವವರೆಗೆ ಕಾಯಬಹುದೇ?

ಗದಗ: ಮೇಡಂ, ಗ್ಯಾಸ್ ಸೋರಿ ನಮ್ಮ ಅತ್ತಿಗೆಯ ಮೈ ಅರ್ಧದಷ್ಟು ಸುಟ್ಟಿದೆ. ಇಂದು ನಾಲ್ಕನೆಯ ದಿನ. ಅವರದೇ ಚರ್ಮವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಹಾಕುತ್ತಾರಂತೆ. ಅದು ಬರುವವರೆಗೆ ಆಪರೇಷನ್ ಬೇಡವೆಂದು ಅಣ್ಣ ಹಟ ಹಿಡಿದಿದ್ದಾನೆ.

ಡಾಕ್ಟರ್: ಕಾಯಬೇಡಿ. ಅಂಚೆಚೀಟಿಯಷ್ಟು ಚರ್ಮದಿಂದ ಮೈ ಮುಚ್ಚುವಷ್ಟು ಹಾಳೆ ಬೆಳೆಸಬಹುದು, ನಿಜ. 1975ರಲ್ಲಿ ಅಮೆರಿಕದ ರೈನ್‌ವಾಲ್ಡ್ ಮತ್ತು ಗ್ರೀನ್ ಇಲಿಯ ಜೀವಕೋಶಗಳ ಹಾಸಿನ ಮೇಲೆ ಮನುಷ್ಯರ ಚರ್ಮಕೋಶ ಬೆಳೆಸಿದರು. 1983ರಲ್ಲಿ ಮೈಯೆಲ್ಲ ಸುಟ್ಟಿದ್ದ ಇಬ್ಬರು ಪುಟ್ಟ ಸಹೋದರರು ಬಾಸ್ಟನ್ನಿನಲ್ಲಿ ಅದರಿಂದ ಬದುಕಿಕೊಂಡರು. ಆದರೆ ಹಾಳೆ ಸಿದ್ಧವಾಗಲು ಸುಮಾರು ಮೂರು ವಾರ ಬೇಕು. ಅಷ್ಟು ದಿನ ಸತ್ತ ಚರ್ಮ ಮೈಮೇಲಿದ್ದರೆ ಸೋಂಕು ರಕ್ತಕ್ಕಿಳಿಯುತ್ತದೆ. ಆ ಹುಡುಗರಿಗೂ ಮೊದಲು ಸತ್ತದ್ದನ್ನು ಕತ್ತರಿಸಿ ತೆಗೆದು ತಾತ್ಕಾಲಿಕ ಹೊದಿಕೆ ಹಾಕಿದ್ದರು. ಇನ್ನು ಹಾಳೆಯೋ, ಕೆಲವೇ ಕೋಶಗಳಷ್ಟು ದಪ್ಪ. ಹಾಗೆಯೇ ಎತ್ತಿದರೆ ಮುದುಡಿಕೊಳ್ಳುತ್ತದೆ. ವ್ಯಾಸಲೀನ್ ಸವರಿದ ಗಾಜ್ ಬಟ್ಟೆಗೆ ಅಂಟಿಸಿ ತರಬೇಕು. ಅದು ಹೊರಚರ್ಮ ಮಾತ್ರ. ಅಡಿಯಲ್ಲಿ ಒಳಚರ್ಮದ ಆಸರೆ ಇಲ್ಲದಿದ್ದರೆ ಬೊಬ್ಬೆ ಎದ್ದು ಕಿತ್ತುಬರುತ್ತದೆ. ಅತ್ತಿಗೆಗೆ ಮೂತ್ರ ಎಷ್ಟು ಬರುತ್ತಿದೆ? ಜ್ವರ ಇದೆಯೇ?

ಹಾಸನ: ಸುಟ್ಟಲ್ಲಿ ಟೂತ್‌ಪೇಸ್ಟ್, ಮೇಲೆ ಅರಿಶಿನ. ಕಲೆಯೇ ಉಳಿಯುವುದಿಲ್ಲ. ಎಲ್ಲರಿಗೂ ಕಳುಹಿಸಿ.

ಡಾಕ್ಟರ್: ಯಾರಿಗೂ ಕಳುಹಿಸಬೇಡಿ. ನಲ್ಲಿ ನೀರು, ಇಪ್ಪತ್ತು ನಿಮಿಷ. ಐಸ್ ಕೂಡ ಬೇಡ. ಒಣಗಿದ ಪೇಸ್ಟನ್ನು ಗಾಯದಿಂದ ಕೆರೆದು ತೆಗೆಯುವವರು ನಾವು, ನೀವಲ್ಲ.

ಉಡುಪಿ: ತೊನ್ನಿಗೂ ಹೀಗೆ ಕೋಶ ಬೆಳೆಸಿ ಹಾಕುತ್ತಾರೆಯೇ ಮೇಡಂ?

ಮೈಸೂರು: ಗಂಡನ ಚರ್ಮ ಬೆಳೆಸಿ ಹೆಂಡತಿಗೆ ಹಾಕಬಹುದೇ?

ಡಾಕ್ಟರ್: ನಿಲ್ಲುವುದಿಲ್ಲ. ಕೆಲವು ವಾರಗಳಲ್ಲಿ ದೇಹ ಅದನ್ನು ತಿರಸ್ಕರಿಸುತ್ತದೆ. ತಾತ್ಕಾಲಿಕ ಹೊದಿಕೆಗೆ, ತೀರಿಕೊಂಡವರಿಂದ ದಾನ ಪಡೆದ ಚರ್ಮ ಕಾದಿಡುವ ಚರ್ಮ ಬ್ಯಾಂಕ್ ಇದೆ, ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ. ದಾನ ಮಾಡುವವರೇ ಕಡಿಮೆ.

ತುಮಕೂರು: ಚರ್ಮ ಸುಲಿದ ಹೆಣಕ್ಕೆ ಸಂಸ್ಕಾರ ಮಾಡುವುದು ಹೇಗೆ? ಶಾಸ್ತ್ರ ಒಪ್ಪುತ್ತದೆಯೇ?

ಮೈಸೂರು: ಕಣ್ಣು ಕೊಡುವಾಗ ಒಪ್ಪಿದ ಶಾಸ್ತ್ರ ಚರ್ಮಕ್ಕೆ ಮುನಿಯುತ್ತದೆಯೇ?

ತುಮಕೂರು: ನಿಮ್ಮ ಮನೆಯಲ್ಲಿ ಹೆಣ ಬಿದ್ದಾಗ ಈ ಮಾತು ಆಡಿ, ನೋಡೋಣ.

ಮೈಸೂರು: ನಾಲಿಗೆ ಬಿಗಿಹಿಡಿಯಿರಿ. ನಮ್ಮ ಅಪ್ಪನದು ಕೊಟ್ಟಿದ್ದೇವೆ.

ಡಾಕ್ಟರ್: ಸುಲಿಯುವುದಿಲ್ಲ. ತೊಡೆ, ಬೆನ್ನಿನಿಂದ ತೆಳುವಾದ ಒಂದು ಪದರ ತೆಗೆದು ಬ್ಯಾಂಡೇಜ್ ಸುತ್ತಿ ಕೊಡುತ್ತೇವೆ. ತೀರಿಕೊಂಡ ಆರು ಗಂಟೆಯೊಳಗೆ ತಿಳಿಸಬೇಕು. ಜಗಳ ಬೇರೆಲ್ಲಾದರೂ ಆಡಿ. ಗದಗದವರು ಎಲ್ಲಿ?

ಹಾಸನ: ಪೇಸ್ಟ್ ಬೇಡವೆಂದರೆ ಜೇನುತುಪ್ಪ?

ಡಾಕ್ಟರ್: ಮೇಲೆ ಹೇಳಿದ್ದೇನೆ.

ಉಡುಪಿ: ನನ್ನ ಪ್ರಶ್ನೆ ಯಾರಿಗೂ ಕಾಣಿಸುತ್ತಿಲ್ಲವೇ?

ಗದಗ: ಮೂತ್ರ ಬೆಳಗಿನಿಂದ ಬಹಳ ಕಡಿಮೆ ಎಂದು ನರ್ಸ್ ಹೇಳಿದರು. ಜ್ವರವೂ ಇದೆ. ಅಣ್ಣ ಇನ್ನೂ ಸಹಿ ಹಾಕಿಲ್ಲ.

ಡಾಕ್ಟರ್: ನರ್ಸ್ ಹೇಳಿದ್ದನ್ನು ಅಲ್ಲಿನ ವೈದ್ಯರಿಗೆ ಈ ಕ್ಷಣವೇ ತಿಳಿಸಿ. ನನ್ನ ನಂಬರ್ ನಿಮಗೆ ಕಳುಹಿಸಿದ್ದೇನೆ. ಫೋನ್ ಅಣ್ಣನ ಕೈಗೆ ಕೊಡಿ.