ಲಾನ್ ಮೊವರ್ ಇಂಜಿನ್ ರೇಸ್ ಒಂದೇ ಸಮ ನಿಲ್ಲುತ್ತಿಲ್ಲ, ಗವರ್ನರ್ ಹೋಗಿದೆಯಾ?

ಬಾಣೇರ್_ಬಾಲ್ಕನಿ:
ಪುಣೆಯಲ್ಲಿ ನಮ್ಮ ಸೊಸೈಟಿಯ ಹುಲ್ಲು ಕತ್ತರಿಸುವ ಮೆಷಿನ್, ಪೆಟ್ರೋಲ್, ಫೋರ್ ಸ್ಟ್ರೋಕ್. ಬೇಸಿಗೆ ಪೂರ್ತಿ ಪಂಪ್ ರೂಮಿನಲ್ಲಿ ಸುಮ್ನೆ ನಿಂತಿತ್ತು, ಮಳೆ ಶುರುವಾಗಿ ಹುಲ್ಲು ಮೊಣಕಾಲಿಗೆ ಬಂದ ಮೇಲೆ ಹೊರಗೆ ತೆಗೆದೆವು. ಸ್ಟಾರ್ಟ್ ಆಗುತ್ತದೆ, ಆದರೆ ರೇಸ್ ತಾನೇ ಏರುತ್ತದೆ, ತಾನೇ ಇಳಿಯುತ್ತದೆ. ದಟ್ಟ ಹುಲ್ಲಿಗೆ ನುಗ್ಗಿಸಿದರೆ ಸ್ವಲ್ಪ ಸರಿಹೋಗುತ್ತದೆ. ಪ್ಲಗ್ ಹೊಸದು ಹಾಕಿಯಾಯಿತು. ಮೆಕ್ಯಾನಿಕ್ ಗವರ್ನರ್ (ರೇಸ್ ಒಂದೇ ಸಮ ಇಡುವ ಭಾಗ) ಹೋಗಿದೆ, ಇಂಜಿನ್ ಬಿಚ್ಚಬೇಕು ಅಂತಾನೆ. ಸೆಕ್ರೆಟರಿ ಹೊಸದೇ ತಗೊಳ್ಳೋಣ ಅಂತ ಕೂತಿದ್ದಾರೆ.

ಪಿಂಪ್ರಿ_ಫಿಟ್ಟರ್:
ಗವರ್ನರ್ ಮುಟ್ಟಬೇಡಿ ಸರ್. ಅದು ಕೆಲಸ ಮಾಡುತ್ತಿರುವುದಕ್ಕೇ ರೇಸ್ ಏರಿಳಿಯುತ್ತಿರೋದು. ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ ಆದಾಗ ಇಂಜಿನ್ ಸೊರಗುತ್ತದೆ, ಗವರ್ನರ್ ಥ್ರಾಟಲ್ (ಇಂಜಿನ್‌ಗೆ ಗಾಳಿ, ಪೆಟ್ರೋಲ್ ಬಿಡುವ ಬಾಗಿಲು) ತೆರೆಯುತ್ತದೆ, ರೇಸ್ ಮಿತಿ ಮೀರುತ್ತದೆ, ಅದು ಮತ್ತೆ ಮುಚ್ಚುತ್ತದೆ, ಹೀಗೇ ನಡೀತಾ ಇರುತ್ತದೆ. ಲೋಡ್ ಬಿದ್ದಾಗ ದೊಡ್ಡ ಜೆಟ್‌ನಿಂದ (ಪೆಟ್ರೋಲ್ ಹಾಯುವ ತೂತಿನ ತುಂಡು) ಪೆಟ್ರೋಲ್ ಬರುವುದರಿಂದ ಸರಿಹೋಗುತ್ತದೆ. ಇಂಜಿನ್ ಬಿಸಿಯಾದ ಮೇಲೆ ಚೋಕ್ (ಗಾಳಿ ಕಮ್ಮಿ ಮಾಡುವ ಲಿವರ್) ಅರ್ಧ ಎಳೆದು ನೋಡಿ. ಸ್ಮೂತ್ ಆದರೆ ಕಾರ್ಬುರೇಟರ್‌ನ ಚಿಕ್ಕ ಜೆಟ್ ಕಟ್ಟಿದೆ, ಇಲ್ಲವೇ ಎಲ್ಲೋ ಗಾಳಿ ಎಳೆಯುತ್ತಿದೆ ಅಂತಲೇ ಲೆಕ್ಕ.

ಮಡಗಾಂವ್_ತೋಟ:
ಮೊದಲು ಟ್ಯಾಂಕಿನ ಹಳೇ ಪೆಟ್ರೋಲ್ ಪೂರ್ತಿ ಚೆಲ್ಲಿಸಿ. ಈಗ ಬಂಕಿನಲ್ಲಿ ಬರುವುದು ಶೇ. 20 ಎಥನಾಲ್ ಬೆರೆಸಿದ್ದು, ಅದು ನೀರು ಹೀರುತ್ತದೆ. ನಮ್ಮ ಗೋವಾದ ಹವೆಯಲ್ಲಂತೂ ಕೇಳಲೇಬೇಡಿ, ಕಾರ್ಬುರೇಟರ್ ಬಟ್ಟಲಿನ ತಳದಲ್ಲಿ ನೀರೇ ಬೇರೆ ನಿಂತಿರುತ್ತದೆ. ಸೀಸನ್ ಮುಗಿದ ಮೇಲೆ ಪೆಟ್ರೋಲ್ ಕಾಕ್ ಮುಚ್ಚಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಬೇಕು. ಇದನ್ನು ಮಾಲಿಗೆ ಯಾರೂ ಹೇಳಿರುವುದಿಲ್ಲ.

ಬಾಣೇರ್_ಬಾಲ್ಕನಿ:
ಅರ್ಧ ಚೋಕ್‌ನಲ್ಲಿ ಒಂದೇ ಸಮ ಓಡಿತು! ಬಟ್ಟಲು ಬಿಚ್ಚಿ ನಡುವಿನ ಜೆಟ್ ಕ್ಲೀನ್ ಮಾಡಿದೆವು, ಹೊಸ ಪೆಟ್ರೋಲ್ ಹಾಕಿದೆವು. ಚೋಕ್ ಬಿಟ್ಟರೆ ಮತ್ತೆ ಅದೇ ಕಥೆ. ಚಿಕ್ಕ ಜೆಟ್ ಎಲ್ಲಿರುತ್ತದೆ?

ಪಿಂಪ್ರಿ_ಫಿಟ್ಟರ್:
ನೀವು ಕ್ಲೀನ್ ಮಾಡಿದ್ದು ಮೇನ್ ಜೆಟ್. ಚಿಕ್ಕದು ಮೇಲಿರುತ್ತದೆ, ಸುಮಾರು ಇಂಜಿನ್‌ಗಳಲ್ಲಿ ಐಡಲ್ ಸ್ಕ್ರೂ ಬಿಚ್ಚಿದರೆ ಅದರ ಕೆಳಗೆ ಪ್ಲಾಸ್ಟಿಕ್‌ನ ಪುಟ್ಟ ತುಂಡು ಸಿಗುತ್ತದೆ. ಬಿಚ್ಚುವ ಮೊದಲು ಸ್ಕ್ರೂ ಎಷ್ಟು ಸುತ್ತು ಒಳಗಿದೆ ಅಂತ ಎಣಿಸಿಕೊಳ್ಳಿ. ಜೆಟ್ ಮೆಲ್ಲಗೆ ಮೇಲೆಬ್ಬಿಸಿ, ಅದರ ಓ ರಿಂಗ್ (ರಬ್ಬರ್ ಬಳೆ) ಹರಿಯಬಾರದು. ತೂತು ಕೂದಲಷ್ಟೇ ಇರುತ್ತದೆ, ಬೆಳಕಿಗೆ ಹಿಡಿದರೆ ಕಟ್ಟಿದೆಯೋ ಇಲ್ಲವೋ ಕಾಣುತ್ತದೆ. ವೈರ್ ಒಳಗಿನ ತಾಮ್ರದ ಒಂದೇ ಎಳೆ ತೂರಿಸಿ, ಆಮೇಲೆ ಕಾರ್ಬುರೇಟರ್ ಸ್ಪ್ರೇ ಹೊಡೆಯಿರಿ. ಸೂಜಿ ಹಾಕಿ ತೂತು ದೊಡ್ಡದು ಮಾಡಿದರೆ ಜೆಟ್ ಕೆಟ್ಟಂತೆಯೇ.

ಠಾಣೆ_ಠೀವಿ:
ಕಾರ್ಬುರೇಟರ್ ಮತ್ತು ಇಂಜಿನ್ ನಡುವಿನ ಪ್ಯಾಕಿಂಗ್ ಕೂಡ ನೋಡಿ, ಸೀಳಿದ್ದರೆ ಜೆಟ್ ಎಷ್ಟು ತೊಳೆದರೂ ಅಷ್ಟೇ. ಓಡುತ್ತಿರುವಾಗ ಆ ಜೋಡಣೆಗೆ ಸ್ವಲ್ಪ ನೀರು ಸ್ಪ್ರೇ ಮಾಡಿ, ರೇಸ್ ಬದಲಾದರೆ ಅಲ್ಲೇ ಲೀಕ್. ಕೆಲವರು ಪೆಟ್ರೋಲ್ ಹನಿಸಿ ನೋಡುತ್ತಾರೆ, ಬಿಸಿ ಸೈಲೆನ್ಸರ್ ಪಕ್ಕದಲ್ಲೇ ಇರುತ್ತದೆ, ಆ ಸಾಹಸ ಬೇಡ. ಮೆಷಿನ್ ವಾಲಿಸುವುದಾದರೆ ಏರ್ ಫಿಲ್ಟರ್ ಇರುವ ಕಡೆ ಮೇಲಿರಲಿ, ಇಲ್ಲವಾದರೆ ಆಯಿಲ್ ಬಂದು ಫಿಲ್ಟರ್ ತೊಯ್ಯುತ್ತದೆ. ಬ್ಲೇಡ್ ಹತ್ತಿರ ಕೈ ಹೋಗುವ ಮೊದಲು ಪ್ಲಗ್ ಕ್ಯಾಪ್ ಎಳೆದಿಡಿ.

ಬಾಣೇರ್_ಬಾಲ್ಕನಿ:
ಜೆಟ್ ಸಿಕ್ಕಿತು, ಬೆಳಕೇ ತೂರುತ್ತಿಲ್ಲ. ಬಿಚ್ಚುವಾಗ ಓ ರಿಂಗ್ ಹರಿಯಿತು. ಪುಣೆಯಲ್ಲಿ ಎಲ್ಲಿ ಸಿಗಬಹುದು?

ಪಿಂಪ್ರಿ_ಫಿಟ್ಟರ್:
ನಾನಾ ಪೇಟೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ವಿಚಾರಿಸಿ. ಹರಿದ ರಿಂಗ್, ಜೆಟ್ ಎರಡನ್ನೂ ಜೇಬಿನಲ್ಲಿ ಇಟ್ಟುಕೊಂಡೇ ಹೋಗಿ, ಬಾಯಲ್ಲಿ ಹೇಳಿದರೆ ಬೇರೆ ಸೈಜ್ ಕೊಟ್ಟು ಕಳಿಸುತ್ತಾರೆ. ಬಟ್ಟಲಿನ ಪ್ಯಾಕಿಂಗ್ ಕೂಡ ಒಂದು ತಗೊಳ್ಳಿ, ಹಳೆಯದು ಉಬ್ಬಿರುತ್ತದೆ, ಮತ್ತೆ ಕೂರುವುದಿಲ್ಲ.