ಸಹಾಯ ಬೇಕು: ಡ್ರಮ್ಸ್ ನುಡಿಸುವವರು, ಅಭ್ಯಾಸಕ್ಕೊಂದು ಜಾಗ

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನಲ್ಲಿ ಅಡಿಕೆಯ ಹಳದಿ ಎಲೆ ರೋಗದ ಕುರಿತು ಸಂಶೋಧನೆ ಮಾಡುತ್ತಿದ್ದೇನೆ. ಸಂಜೆಯಾದರೆ ಬೇಸ್ ಗಿಟಾರೇ ನನ್ನ ಲೋಕ. ಮೂವರು ಸೇರಿ ಸ್ವಂತ ಕನ್ನಡ ರಾಕ್ ಹಾಡುಗಳನ್ನು ಕಟ್ಟುತ್ತಿದ್ದೇವೆ. ನಮ್ಮ ಡ್ರಮ್ಸ್ ವಾದಕರು ಕೆಲಸಕ್ಕೆಂದು ದುಬೈಗೆ ಹೋದರು. ಚೆಂಡೆ, ಮದ್ದಳೆ ಕಲಿತವರು ಬಂದರೂ ಬಹಳ ಸಂತೋಷ; ಯಕ್ಷಗಾನದ ಏಳು ಮಾತ್ರೆಯ ತಾಳವಾದ ತ್ರಿವುಡೆ ಕೈಗೆ ಕೂತವರಿಗೆ ನಮ್ಮ ಏಳು ಮಾತ್ರೆಯ ಹಾಡು ಕಷ್ಟವೆನಿಸದು.

ಜಾಗವೂ ಬೇಕು. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದೆವು. ಅದರಿಂದ ಕೋಣೆಯೊಳಗಿನ ಪ್ರತಿಧ್ವನಿ ಸ್ವಲ್ಪ ತಗ್ಗುತ್ತದೆಯೇ ಹೊರತು ಹೊರಹೋಗುವ ಶಬ್ದ ನಿಲ್ಲುವುದಿಲ್ಲ. ಪಕ್ಕದ ಮನೆಯ ಹುಡುಗಿ ಹತ್ತನೇ ತರಗತಿ ಪರೀಕ್ಷೆಗೆ ಓದುತ್ತಿದ್ದಾಳೆ, ಅವಳಿಗೆ ತೊಂದರೆ ಕೊಡಲು ಮನಸ್ಸಿಲ್ಲ. ಕುಂಬಳೆ, ನೀರ್ಚಾಲು, ಬದಿಯಡ್ಕದ ಕಡೆ ತೋಟದ ನಡುವೆ ಖಾಲಿ ಕಟ್ಟಡವಿದ್ದರೆ ದಯವಿಟ್ಟು ತಿಳಿಸಿ. ಭಾನುವಾರ ಮೂರು ಗಂಟೆ ಸಾಕು. ಬಾಡಿಗೆ, ವಿದ್ಯುತ್ ಖರ್ಚು ಎರಡನ್ನೂ ಕೊಡುತ್ತೇವೆ.