ಪದಚರ್ಚೆ: ಹುಲ್ಲಿನ ಕುಟುಂಬದ ಬೆಳೆಗಳಲ್ಲಿ ‘ಸಿಂಟೆನಿ’ – ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ

ಮಾನ್ಯರೇ,

ಸಿರಿಧಾನ್ಯಗಳ ಪ್ರದರ್ಶನವೊಂದಕ್ಕೆ ಫಲಕಗಳ ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲೊಂದು ಇಂಗ್ಲೆಂಡಿನ ಸಸ್ಯವಿಜ್ಞಾನಿ ಮೈಕ್ ಗೇಲ್ (1943–2009) ಅವರ ಸಂಶೋಧನೆಯನ್ನು ಕುರಿತದ್ದು. ಮೊದಲು ಕೇಂಬ್ರಿಡ್ಜಿನಲ್ಲಿ, ಆಮೇಲೆ ನಾರಿಚ್‌ನ ಜಾನ್ ಇನ್ಸ್ ಸೆಂಟರಿನಲ್ಲಿ ಗೋಧಿಯ ತಳಿಗುಣಗಳನ್ನು ಅಭ್ಯಾಸ ಮಾಡಿದ ಅವರು, ಗ್ರಹಾಂ ಮೂರ್ ಮೊದಲಾದ ಸಹೋದ್ಯೋಗಿಗಳೊಂದಿಗೆ 1995ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಭತ್ತ, ಗೋಧಿ, ಮುಸುಕಿನ ಜೋಳ, ಬಿಳಿಜೋಳ, ನವಣೆ ಮತ್ತು ಕಬ್ಬಿನ ವರ್ಣತಂತುಗಳನ್ನು (ಕ್ರೋಮೋಸೋಮುಗಳನ್ನು) ಒಂದರ ಸುತ್ತ ಒಂದರಂತೆ ವರ್ತುಲಗಳಾಗಿ ಜೋಡಿಸಿ, ಇವೆಲ್ಲವುಗಳಲ್ಲಿ ವಂಶವಾಹಿಗಳು (ಜೀನ್‌ಗಳು) ಬಹುಮಟ್ಟಿಗೆ ಒಂದೇ ಸರದಿಯಲ್ಲಿವೆ ಎಂದು ತೋರಿಸಿದರು. ಮೂಲ ಬರಹ ಇದನ್ನು ‘ಸಿಂಟೆನಿ’ ಎನ್ನುತ್ತದೆ. ನಾನು ಸದ್ಯಕ್ಕೆ ‘ಸಮಸಾಲು’ ಎಂದು ಬರೆದಿದ್ದೇನೆ. ರಾಗಿ, ಭತ್ತಗಳನ್ನು ‘ಹುಲ್ಲು’ ಎಂದು ಕರೆದರೆ ಸಾಕೇ ಎಂಬುದೂ ತಿಳಿಯಬೇಕಾಗಿದೆ. ನೋಡಲು ಬರುವವರು ಹೆಚ್ಚಾಗಿ ರೈತರು ಮತ್ತು ಶಾಲಾಮಕ್ಕಳು. ಶುಕ್ರವಾರ ಬರಹ ಮುದ್ರಣಕ್ಕೆ ಹೋಗುತ್ತದೆ.

ಉತ್ತರ 1

‘ಸಮಸಾಲು’ ಸಂಸ್ಕೃತ, ಕನ್ನಡ ಪದಗಳನ್ನು ಬೆರೆಸಿದ ಅರಿಸಮಾಸ, ಬಿಟ್ಟುಬಿಡಿ. ‘ಸಿಂಟೆನಿ’ ಎಂದೇ ಬರೆಯಿರಿ. ಜೀನ್, ಜೀನೋಮ್, ಡಿಎನ್ಎ ಎಂಬ ಪದಗಳನ್ನು ಒಗ್ಗಿಸಿಕೊಂಡ ಕನ್ನಡಕ್ಕೆ ಇದೊಂದು ಹೊರೆಯಾಗುವುದಿಲ್ಲ. ಇಂದು ಫಲಕ ಓದಿದ ಹುಡುಗಿ ನಾಳೆ ಕಾಲೇಜಿನಲ್ಲಿ ಎದುರುಗೊಳ್ಳುವುದು ಅದೇ ಪದವನ್ನು. ನಾವು ಕಟ್ಟಿದ ಪದ ಫಲಕದೊಂದಿಗೇ ಮುಗಿದುಹೋಗುತ್ತದೆ.

ಉತ್ತರ 2

ಅರಿಸಮಾಸವೆಂಬ ಆಕ್ಷೇಪಣೆ ಸರಿ. ಅದರಿಂದ ಹೊರಟ ತೀರ್ಮಾನ ಸರಿಯಲ್ಲ. ಎರವಲು ಪದ ಖಚಿತವಾಗಿರುತ್ತದೆ ಎಂಬ ನಂಬಿಕೆಯಿಂದಲೇ ನಾವು ಅದನ್ನು ಹಾಗೆಯೇ ಉಳಿಸಿಕೊಳ್ಳುತ್ತೇವೆ, ಆದರೆ ಈ ಪದಕ್ಕೆ ಆ ಖಚಿತತೆಯೇ ಇಲ್ಲ. 1971ರಲ್ಲಿ ಜಾನ್ ರೆನ್ವಿಕ್ ಮಾನವ ತಳಿವಿಜ್ಞಾನದ ಬಳಕೆಗೆಂದು, ಗ್ರೀಕಿನಲ್ಲಿ ‘ಒಟ್ಟಿಗೆ’ ಮತ್ತು ‘ಪಟ್ಟಿ’ ಎಂಬ ಅರ್ಥವಿರುವ ಎರಡು ಮಾತುಗಳನ್ನು ಕೂಡಿಸಿ ಇದನ್ನು ಕಟ್ಟಿದಾಗ, ಎರಡು ವಂಶವಾಹಿಗಳು ಒಂದೇ ವರ್ಣತಂತುವಿನ ಮೇಲಿವೆ ಎಂಬುದಷ್ಟೇ ಅದರ ಅರ್ಥವಾಗಿತ್ತು. ಎರಡು ಬೇರೆ ಜೀವಿಗಳ ಹೋಲಿಕೆಯ ಮಾತು ಅದರಲ್ಲಿರಲಿಲ್ಲ. ಬೇರೆ ಬೇರೆ ಜೀವಿಗಳ ನಕ್ಷೆಗಳನ್ನು ಹೋಲಿಸತೊಡಗಿದವರು ಅದನ್ನು ‘ಜೀವಿಯಿಂದ ಜೀವಿಗೆ ಉಳಿದುಬಂದ ಸರದಿ’ ಎಂಬ ಅರ್ಥಕ್ಕೆ ಎಳೆದರು. ಇದು ತಪ್ಪು ಬಳಕೆಯೆಂದು 1999ರಲ್ಲಿ ‘ನೇಚರ್ ಜೆನೆಟಿಕ್ಸ್’ ಪತ್ರಿಕೆಯಲ್ಲಿಯೇ ಆಕ್ಷೇಪಣೆ ಬಂದರೂ ಬಳಕೆ ನಿಲ್ಲಲಿಲ್ಲ. ಆದ್ದರಿಂದ ‘ಸಿಂಟೆನಿ’ ಎಂದೇ ಬರೆಯಿರಿ ಎನ್ನುವವರು, ಯಾವ ಅರ್ಥದ ಸಿಂಟೆನಿ ಎಂಬುದನ್ನು ಮೊದಲು ಹೇಳಬೇಕು. ರೆನ್ವಿಕ್ ಅವರ ಅರ್ಥಕ್ಕೆ, ವರ್ಣತಂತು ಎಂಬ ಪದ ನಮ್ಮಲ್ಲಿ ನೆಲೆಯೂರಿರುವುದರಿಂದ, ‘ಏಕತಂತುತ್ವ’ ಸಾಕು. ಗೇಲ್ ಅವರ ಫಲಕಕ್ಕೆ ಬೇಕಾದುದು ಬೇರೆಯದೇ ಪದ.

‘ಸಮಾನುಕ್ರಮ’ ಎಂದು ಯಾರಾದರೂ ಸೂಚಿಸುವ ಮೊದಲೇ ಅದು ಏಕೆ ಸಲ್ಲದು ಎಂದು ಹೇಳಿಬಿಡುತ್ತೇನೆ. ‘ಅನುಕ್ರಮ’ ಎಂಬುದನ್ನು ಡಿಎನ್ಎಯ ಅಕ್ಷರಗಳ ಜೋಡಣೆಗೆ ಈಗಾಗಲೇ ಬಳಸುತ್ತಿದ್ದೇವೆ, ಮತ್ತು ಧಾನ್ಯಗಳಲ್ಲಿ ಉಳಿಯದೆ ಹೋಗಿರುವುದು ಸರಿಯಾಗಿ ಅದೇ. ಭತ್ತದ ಜೀನೋಮಿನಲ್ಲಿ, ಅಂದರೆ ಅದರ ಡಿಎನ್ಎಯ ಒಂದು ಪೂರ್ಣ ಕಂತೆಯಲ್ಲಿ, ಸುಮಾರು 40 ಕೋಟಿ ಅಕ್ಷರಗಳಿದ್ದರೆ ನಾವು ಚಪಾತಿಗೆ ಬಳಸುವ ಗೋಧಿಯಲ್ಲಿ ಸುಮಾರು 1,600 ಕೋಟಿ ಇವೆ. ಗೋಧಿಯಲ್ಲಿ ಮೂರು ಜೀನೋಮ್‌ಗಳು ಕೂಡಿರುವುದು ಇದಕ್ಕೆ ಒಂದು ಕಾರಣವಾದರೆ, ಬಾರ್ಬರಾ ಮೆಕ್ಲಿಂಟಾಕ್ ಮುಸುಕಿನ ಜೋಳದಲ್ಲಿ ಮೊದಲು ಗುರುತಿಸಿದ, ಜಾಗ ಬದಲಿಸುವ ಡಿಎನ್ಎ ತುಣುಕುಗಳ ಜಾತಿಗೆ ಸೇರಿದವು ಮತ್ತೆ ಮತ್ತೆ ನಕಲಾಗಿ ವಂಶವಾಹಿಗಳ ನಡುವಣ ಜಾಗವನ್ನು ತುಂಬಿರುವುದು ಅದಕ್ಕಿಂತ ದೊಡ್ಡ ಕಾರಣ. ಹಾಗಿದ್ದೂ ವಂಶವಾಹಿಗಳ ಸರದಿ ಕೋಟ್ಯಂತರ ವರ್ಷಗಳಿಂದ ಬಹುಮಟ್ಟಿಗೆ ಕೆಟ್ಟಿಲ್ಲ. ರಸ್ತೆ ಉದ್ದವಾಗಿ ಸಾಲುಮರಗಳ ನಡುವಣ ಅಂತರ ಹೆಚ್ಚಿದರೂ ಯಾವ ಮರದ ನಂತರ ಯಾವುದು ಎಂಬುದು ಬದಲಾಗದೆ ಇರುವಂಥ ಸ್ಥಿತಿ ಇದು. ಅಂತರವನ್ನು ಲೆಕ್ಕಿಸದೆ ಸರದಿಯನ್ನು ಮಾತ್ರ ಹೇಳುವ ಮಾತು ನಮ್ಮಲ್ಲಿ ‘ಸಾಲು’. ನೇಗಿಲ ಸಾಲು, ಅಕ್ಕಡಿ ಸಾಲು ಎನ್ನುವ ರೈತನಿಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ. 1995ರ ಆ ಲೇಖನದ ಶೀರ್ಷಿಕೆಯೂ ಹುಲ್ಲುಗಳನ್ನು ಸಾಲಾಗಿ ನಿಂತು ವರ್ತುಲ ಕಟ್ಟಿರೆಂದೇ ಕರೆಯುತ್ತದೆ. ಆದ್ದರಿಂದ ‘ಸಾಲುಹೊಂದಿಕೆ’ ಎನ್ನಿ. ಎರಡೂ ಅಚ್ಚಗನ್ನಡ ಪದಗಳಾದ್ದರಿಂದ ಸಮಾಸಕ್ಕೆ ದೋಷವಿಲ್ಲ.

ಫಲಕದಲ್ಲಿ ರಾಗಿಯ ಪ್ರಸ್ತಾಪವಿಲ್ಲದಿದ್ದರೆ ದಯವಿಟ್ಟು ಸೇರಿಸಿ. ಗೇಲ್, ಕ್ಯಾಟ್ರಿಯನ್ ಡೆವೋಸ್ ಮತ್ತು ಸಂಗಡಿಗರು 2007ರಲ್ಲಿ ರಾಗಿಯನ್ನೂ ಭತ್ತವನ್ನೂ ಹೀಗೆಯೇ ಎದುರುಬದುರು ಇಟ್ಟು ನೋಡಿದರು. ರಾಗಿಯ 36 ವರ್ಣತಂತುಗಳು ಒಂಬತ್ತು ಗುಂಪುಗಳಾಗುತ್ತವೆ. ಭತ್ತದ ವರ್ಣತಂತುಗಳಲ್ಲಿ ಹನ್ನೆರಡು ಬಗೆ. ಆರು ಗುಂಪುಗಳು ಭತ್ತದ ಒಂದೊಂದು ವರ್ಣತಂತುವಿಗೆ ನೇರವಾಗಿ ಸಲ್ಲುತ್ತವೆ. ಉಳಿದ ಮೂರು ಗುಂಪುಗಳಲ್ಲಿ ಪ್ರತಿಯೊಂದರಲ್ಲಿಯೂ ಭತ್ತದ ಒಂದು ವರ್ಣತಂತು ಇನ್ನೊಂದರ ನಡುವೆ, ಅದರ ಕೇಂದ್ರಬಿಂದುವಿನ (ಸೆಂಟ್ರೊಮಿಯರ್) ಬಳಿಯಲ್ಲಿ, ಹೊಕ್ಕು ಕುಳಿತಂತಿದೆ. ಮುದ್ದೆಗೂ ಅನ್ನಕ್ಕೂ ಇಷ್ಟು ಹತ್ತಿರದ ನೆಂಟಸ್ತಿಕೆಯಿದೆ ಎಂಬುದನ್ನು ನಮ್ಮ ಮಕ್ಕಳು ಕನ್ನಡದಲ್ಲಿ ಓದಬೇಕು.

ಉತ್ತರ 3

ಹಿಂದಿನ ಪತ್ರದ ವಿಜ್ಞಾನವನ್ನು ಒಪ್ಪುತ್ತೇನೆ. ಸಂಸ್ಕೃತಮೂಲದ ಪದವೆಂದರೆ ಪರಕೀಯವೆಂಬ ಧ್ವನಿಯನ್ನು ಒಪ್ಪುವುದಿಲ್ಲ. ಅದೇ ಪತ್ರ ‘ವಂಶವಾಹಿ’, ‘ವರ್ಣತಂತು’ಗಳಿಲ್ಲದೆ ಒಂದು ಹೆಜ್ಜೆಯೂ ಮುಂದೆ ಹೋಗಿಲ್ಲ. ‘ಹೊಂದಿಕೆ’ ಎಂದರೆ ಒಗ್ಗುವಿಕೆ ಎಂಬ ಅರ್ಥವೂ ಇರುವುದರಿಂದ ‘ಸಾಲುಹೋಲಿಕೆ’ ಮೇಲು.

‘ಹುಲ್ಲು’ ಎಂದಷ್ಟೇ ಖಂಡಿತ ಬರೆಯಬೇಡಿ. ಹಳೇ ಮೈಸೂರಿನ ಕಡೆ ‘ರಾಗಿ ಹುಲ್ಲು’ ಎಂದರೆ ಒಕ್ಕಣೆಯಾದ ಮೇಲೆ ಬಣವೆ ಹಾಕುವ ಮೇವು, ಗಿಡವಲ್ಲ. ‘ರಾಗಿ ಒಂದು ಹುಲ್ಲು’ ಎಂದು ಓದಿದ ರೈತ ಕಾಳನ್ನು ಬಿಟ್ಟು ಮೇವಿನ ಕಡೆ ಯೋಚಿಸುತ್ತಾನೆ. ‘ಏಕದಳ ಧಾನ್ಯ’ ಎಂಬುದು ಕೃಷಿ ಬರಹಗಳಲ್ಲಿ ರೂಢಿಯಲ್ಲಿದ್ದರೂ ತೆಂಗು, ಬಾಳೆ, ಈರುಳ್ಳಿಗಳೂ ಏಕದಳ ಸಸ್ಯಗಳೇ ಆದ್ದರಿಂದ ಕುಟುಂಬದ ಗಡಿಯನ್ನು ಅದು ತೋರಿಸುವುದಿಲ್ಲ. ‘ತೃಣಧಾನ್ಯ’ ಶಾಸ್ತ್ರಕ್ಕೆ ಹತ್ತಿರವಾದರೂ ‘ತೃಣಸಮಾನ’ವೆಂಬ ಮಾತಿನ ತಾತ್ಸಾರ ಅದಕ್ಕೆ ಅಂಟಿಕೊಂಡಿದೆ, ‘ಸಿರಿಧಾನ್ಯ’ ಎಂಬ ಹೆಸರನ್ನು ಜನ ಅಷ್ಟು ಬೇಗ ಒಪ್ಪಿದ್ದಕ್ಕೆ ಇದೂ ಒಂದು ಕಾರಣವೆಂದು ನನ್ನ ಎಣಿಕೆ. ‘ಹುಲ್ಲಿನ ಕುಟುಂಬದ ಬೆಳೆಗಳು’ ಎಂದು ಬಿಡಿಸಿ ಬರೆಯಿರಿ.

ಉತ್ತರ 2ರ ಲೇಖಕರಿಂದ

‘ಸಾಲುಹೋಲಿಕೆ’ ಬೇಡ. ಅಕ್ಷರಗಳ ಹೋಲಿಕೆ ಬೇರೆ, ಸಾಲಿನ ಹೊಂದಿಕೆ ಬೇರೆ. ಇಷ್ಟು ಹೊತ್ತು ನಾನು ಬಿಡಿಸಿಟ್ಟಿದ್ದನ್ನು ಆ ಪದ ಮತ್ತೆ ಕಲಸಿಬಿಡುತ್ತದೆ. ಸಂಸ್ಕೃತಮೂಲದ ಪದ ಪರಕೀಯವೆಂದು ನಾನು ಹೇಳಿಲ್ಲ. ‘ವರ್ಣತಂತು’ ಉಳಿದಿರುವುದು ಅದು ಕೇಳಿದವರಿಗೆ ಅರ್ಥವಾಗುವುದರಿಂದ, ಮತ್ತು ‘ಸಾಲು’ ಗೆಲ್ಲಬೇಕಾದುದೂ ಅದೇ ಕಾರಣಕ್ಕೆ. ‘ಹುಲ್ಲು’ ಕುರಿತ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಫಲಕಕ್ಕೆ ಹೀಗೆ ಬರೆದಿದ್ದೇನೆ: “ರಾಗಿ, ಭತ್ತ, ಗೋಧಿ, ಜೋಳಗಳೆಲ್ಲ ಹುಲ್ಲಿನ ಕುಟುಂಬದ ಬೆಳೆಗಳು. ಇವುಗಳ ವರ್ಣತಂತುಗಳ ಮೇಲೆ ಎಲ್ಲ ವಂಶವಾಹಿಗಳೂ ಒಂದೇ ಸಾಲಿನಲ್ಲಿವೆ. ಇದನ್ನು ಸಾಲುಹೊಂದಿಕೆ ಎನ್ನುತ್ತಾರೆ.” ‘ಸಿಂಟೆನಿ’ ಎಂಬುದನ್ನು ಕೆಳಗೆ ಸಣ್ಣ ಅಕ್ಷರಗಳಲ್ಲಿ ಒಮ್ಮೆ ಕೊಡುತ್ತೇನೆ, ಕಾಲೇಜಿಗೆ ಹೋಗುವ ಹುಡುಗಿಗೆ ಅದೂ ಬೇಕಾಗುತ್ತದೆ.

ಉತ್ತರ 3ರ ಲೇಖಕರಿಂದ

ಪದಕ್ಕೆ ನನ್ನ ಒಪ್ಪಿಗೆಯಿದೆ. ‘ಎಲ್ಲ ವಂಶವಾಹಿಗಳೂ’ ಎಂಬುದು ಮಾತ್ರ ತಪ್ಪು. ಸಾಲು ಅಲ್ಲಲ್ಲಿ ತುಂಡಾಗಿದೆ, ಕೆಲವೆಡೆ ತಿರುಗುಮುರುಗಾಗಿದೆ, ಕೆಲವು ವಂಶವಾಹಿಗಳು ಬೇರೆಡೆಗೆ ಹೋಗಿವೆ. ‘ಬಹುಪಾಲು ವಂಶವಾಹಿಗಳು’ ಎಂದು ತಿದ್ದಿ ಮುದ್ರಣಕ್ಕೆ ಕಳುಹಿಸಿ.